ಬಾಸ್‌ಗೆ ಗೊತ್ತಾಗದಂತೆ ಕೆಲಸ ಹುಡುಕಬಹುದೇ?

ಪ್ರಶ್ನೆ: ಲಿಂಕ್ಡ್‌ಇನ್‌ನಲ್ಲಿ ‘ಓಪನ್ ಟು ವರ್ಕ್’ ಎಂದು ಹಾಕಿದರೆ ಈಗಿನ ಕಂಪನಿಗೆ ತಿಳಿಯುತ್ತದೆಯೇ?

ಉತ್ತರ: ಅದು ನೀವು ಆರಿಸುವ ಆಯ್ಕೆಯ ಮೇಲಿದೆ. ಎಲ್ಲ ಸದಸ್ಯರಿಗೂ ಕಾಣಲಿ ಎಂದರೆ ನಿಮ್ಮ ಫೋಟೋ ಸುತ್ತ ಹಸಿರು ಪಟ್ಟಿ ಮೂಡುತ್ತದೆ. ಪಕ್ಕದ ಮೇಜಿನವರೂ ನೋಡುತ್ತಾರೆ. ‘ರಿಕ್ರೂಟರ್‌ಗಳಿಗೆ ಮಾತ್ರ’ ಎಂದು ಆರಿಸಿದರೆ ಪಟ್ಟಿ ಬರುವುದಿಲ್ಲ. ಲಿಂಕ್ಡ್‌ಇನ್‌ನ ನೇಮಕಾತಿ ಸೇವೆ ಬಳಸುವವರಿಗಷ್ಟೇ ಸೂಚನೆ ಸಿಗುತ್ತದೆ. ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಲಿಂಕ್ಡ್‌ಇನ್ ತಡೆಯುತ್ತದೆ, ಆದರೆ ಪೂರ್ಣ ಗೋಪ್ಯತೆಯ ಖಾತರಿ ಕೊಡುವುದಿಲ್ಲ. ಹೊರಗಿನ ಏಜೆನ್ಸಿಯವರಿಗೆ ನಿಮ್ಮ ಎಚ್‌ಆರ್ ಪರಿಚಯವಿದ್ದರೆ ಸುದ್ದಿ ಸೋರಲು ಒಂದು ಫೋನ್ ಕರೆ ಸಾಕು.

ಕೆಲಸ ಕಳೆದುಕೊಂಡವರು ಹಸಿರು ಪಟ್ಟಿಗೆ ಖಂಡಿತ ಸಂಕೋಚಪಡಬೇಕಿಲ್ಲ. ಕೆಲಸದಲ್ಲಿರುವವರು ಎರಡನೆಯ ಆಯ್ಕೆಯನ್ನೇ ಹಿಡಿಯಿರಿ. ರಿಕ್ರೂಟರ್‌ಗಳು ಹುಡುಕುವುದು ಹುದ್ದೆ, ಕೌಶಲ, ಊರಿನ ಹೆಸರಿನಿಂದ. ಅವನ್ನು ಸರಿಯಾಗಿ ತುಂಬಿ. ಕೆಲಸ ಕೊಡಿಸಲು ಯಾರಾದರೂ ಹಣ ಕೇಳಿದರೆ ಒಂದು ಪೈಸೆಯನ್ನೂ ಕೊಡಬೇಡಿ.