ದಿನಾ ಒಂದೇ ರುಚಿಯ ಕಾಫಿಗೆ ಮನೆಯ ಕಾಟಾ ಸಾಕು

ಬೋರಾಮಣಿ: ಸೋಲಾಪುರ-ಹೈದರಾಬಾದ್ ಹೆದ್ದಾರಿಯ ಈ ಊರಾಗಲಿ, ಅಕ್ಕಲಕೋಟ ತಾಲ್ಲೂಕಿನ ಕನ್ನಡ ಮಾತಾಡುವ ಹಳ್ಳಿಗಳಾಗಲಿ, ಇದು ಪಕ್ಕಾ ಚಹಾ ಸೀಮೆ. ಮನೆಗೆ ಬಂದವರನ್ನು ಏನು ಕುಡೀತೀರಿ ಎಂದು ಕೇಳುವ ಪದ್ಧತಿಯೇ ಕಡಿಮೆ. ಬಂದು ಕುಂತ ಕೂಡಲೇ ಒಲೆ ಮೇಲೆ ಚಹಾದ ಬೋಗಾಣಿ ಏರಿರುತ್ತದೆ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದೇ ಆದರೂ ಆ ಮಲೆನಾಡು ಇಲ್ಲಿಂದ ಬಹಳ ದೂರ.

ಹಿಂಗಿದ್ದರೂ ಕಾಫಿ ಈಗ ಈ ಕಡೆಯ ಮನೆಗಳಿಗೆ ಬರುತ್ತಿದೆ. ತರುವವರು ಬೆಂಗಳೂರು, ಪುಣೆಯಲ್ಲಿ ನೌಕರಿ ಮಾಡುವ ಮಕ್ಕಳು. ಹಬ್ಬಕ್ಕೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಸೋಲಾಪುರದಲ್ಲಿ ಇಳಿಯುವಾಗ ಚೀಲದಲ್ಲಿ ಅರ್ಧ ಕಿಲೋ ಪುಡಿ, ಲಾಳಿಕೆಯಂಥ ಒಂದು ಕೋನ್, ಸೋಸುವ ಕಾಗದದ ಕಟ್ಟು ಇರುತ್ತವೆ. ಕೋನ್‌ನಲ್ಲಿ ಕಾಗದ ಇಟ್ಟು, ಪುಡಿ ಹಾಕಿ, ಮೇಲಿಂದ ನಿಧಾನವಾಗಿ ಬಿಸಿನೀರು ಸುರಿಯುವುದು. ಇದಕ್ಕೆ ‘ಪೋರ್‌ಓವರ್’ ಎನ್ನುತ್ತಾರೆ.

ಮಕ್ಕಳು ಇದ್ದಷ್ಟು ದಿನ ಎಲ್ಲ ಛಲೋ. ಅವರು ರಜೆ ಮುಗಿಸಿ ಹೋದ ಮೇಲೆ ತಕರಾರು ಶುರು. ಒಂದಿನ ಕಾಫಿ ಕಹಿ, ಮರುದಿನ ಮುಸುರಿ ನೀರು. ‘ನಿನ್ನ ಕೈಗೆ ಕಾಫಿ ಒಗ್ಗಂಗಿಲ್ಲ ಬಿಡು’ ಎಂಬ ಮಾತು ಒಲೆ ಮುಂದೆ ನಿಂತವರ ಮೇಲೆ ಬೀಳುತ್ತದೆ. ಇದು ನ್ಯಾಯದ ಮಾತಲ್ಲ. ಬೋಗಾಣಿಯ ಚಹಾ ತೆಳ್ಳಗಾದರೆ ಇನ್ನೊಂದು ಚಮಚ ಪುಡಿ ಹಾಕಿ ಕುದಿಸಬಹುದು, ಬಣ್ಣ ಕಣ್ಣಿಗೆ ಕಾಣುತ್ತದೆ. ಪೋರ್‌ಓವರ್‌ನಲ್ಲಿ ನೀರು ಇಳಿದ ಮೇಲೆ ತಿದ್ದಲಿಕ್ಕೆ ಬರುವುದಿಲ್ಲ. ತಪ್ಪು ಇರುವುದು ಚಮಚದಲ್ಲಿ.

ಅದೇ ಚಮಚ ಗೋಪುರದಂಗ ತುಂಬಿದರೆ ಒಂದು ತೂಕ, ಸಪಾಟಾಗಿ ಸವರಿದರೆ ಇನ್ನೊಂದು. ಒಂದು ಕಪ್ಪಿಗೆ 15 ಗ್ರಾಂ ಪುಡಿ ಬೇಕಾದಲ್ಲಿ 18 ಗ್ರಾಂ ಬಿದ್ದರೆ ನೂರಕ್ಕೆ 20ರಷ್ಟು ಹೆಚ್ಚಾಯಿತು. ಅರ್ಧ ಕಿಲೋ ಪುಡಿಯಲ್ಲಿ 15 ಗ್ರಾಂನಂತೆ 33 ಕಪ್ಪು ಆಗುತ್ತವೆ, 18 ಗ್ರಾಂನಂತೆ ಬರೇ 27. ಆರು ಕಪ್ಪು ಖೋತಾ! 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಮಾಡಿತ್ತು. ಅಷ್ಟು ತುಟ್ಟಿ ಮಾಲು, ಅದೂ ಮುಂದಿನ ಹಬ್ಬದ ತನಕ ಬರಬೇಕಾದದ್ದು, ಅಂದಾಜಿನ ಮೇಲೆ ಖರ್ಚಾಗುತ್ತದೆ.

ಕಾಟಾ, ಗಡಿಯಾರ, ಕಿಟಲಿ

ಅದಕ್ಕೆ ಬೇಕಾದ ಮೊದಲ ಸಾಮಾನು ಅಡುಗೆಮನೆಯ ಸಣ್ಣ ಡಿಜಿಟಲ್ ಕಾಟಾ. ಕಪ್ಪು, ಕೋನ್ ಎರಡನ್ನೂ ಕಾಟಾದ ಮೇಲಿಟ್ಟು ಸೊನ್ನೆ ಮಾಡಿ 15 ಗ್ರಾಂ ಪುಡಿ ಹಾಕಬೇಕು. ಮತ್ತೆ ಸೊನ್ನೆ ಮಾಡಿ ನೀರು ಸುರಿಯಬೇಕು. ಒಂದು ಮಿಲಿಲೀಟರ್ ನೀರೆಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ಹಿಂಗಾಗಿ ಬೇರೆ ಅಳತೆಯ ಲೋಟ ಬೇಡ. ಮೊದಲು 40 ಗ್ರಾಂ ನೀರು ಹಾಕಿ ಅರ್ಧ ನಿಮಿಷ ಬಿಡಬೇಕು. ಹುರಿದ ಕಾಫಿಯಲ್ಲಿ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಪುಡಿ ಉಬ್ಬುತ್ತದೆ. ನಂತರ ಎರಡು-ಮೂರು ಸಲಕ್ಕೆ ಸುತ್ತುಹಾಕಿ 240 ಗ್ರಾಂ ಆಗುವವರೆಗೆ ಸುರಿಯಬೇಕು.

ಎರಡನೆಯದು ಗಡಿಯಾರ. ಮೊಬೈಲಿನದ್ದೇ ಸಾಕು. ಎಲ್ಲ ನೀರು ಇಳಿಯಲಿಕ್ಕೆ ಸುಮಾರು 3 ನಿಮಿಷ ಹಿಡಿಯಬೇಕು. ಎರಡರೊಳಗೇ ಇಳಿದರೆ ಪುಡಿ ದಪ್ಪ, ಕಾಫಿ ಹುಳಿ. ನಾಲ್ಕು ದಾಟಿದರೆ ಪುಡಿ ನುಣ್ಣಗೆ, ಕಾಫಿ ಕಹಿ. ಪುಡಿ ಉಪ್ಪಿಟ್ಟಿನ ರವಾದಷ್ಟಿದ್ದರೆ ಸರಿ. ಬೀಜ ತಂದು ಮಿಕ್ಸರ್‌ನಲ್ಲಿ ಬೀಸುವವರು ಬಟನ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬೀಸಬೇಕು. ಆಮೇಲೆ ಸಾಣಿಗಿಯಲ್ಲಿ ಸೋಸಿ ಹಿಟ್ಟಿನಂಥದನ್ನು ತೆಗೆದರೆ ಕಹಿ ಬಹಳಷ್ಟು ಕಡಿಮೆಯಾಗುತ್ತದೆ. ತಿದ್ದುವಾಗ ಒಂದು ದಿನಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯುವುದಿಲ್ಲ.

ಸಪೂರ ಧಾರೆ ಬೀಳಲೆಂದು ಪೇಟೆಯಲ್ಲಿ ಹಂಸದ ಕೊರಳಿನಂಥ ಕೆಟಲ್ ಮಾರುತ್ತಾರೆ, ಬೆಲೆಯೂ ಹಾಗೇ. ಹೆದ್ದಾರಿ ಬದಿಯ ಚಹಾ ಅಂಗಡಿಗಳಲ್ಲಿ ಇರುವ ಅಲ್ಯೂಮಿನಿಯಂ ಕಿಟಲಿಯ ಸಣ್ಣದೊಂದು ತಂದರೂ ಕೆಲಸ ಆಗುತ್ತದೆ. ಆದರೆ ಚಹಾ ಕುದಿಸಿದ ಕಿಟಲಿ ಬೇಡ, ವಾಸನೆ ಹೋಗುವುದಿಲ್ಲ. ಈ ಭಾಗ ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರದಲ್ಲಿ ಇರುವುದರಿಂದ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕೆಳಗಿಳಿಸಿ ಅರ್ಧ ನಿಮಿಷ ಬಿಟ್ಟು ಸುರಿದರಾಯಿತು, ಥರ್ಮಾಮೀಟರ್ ಬೇಕಿಲ್ಲ.

ನೀರಿನದು ಬೇರೆ ಕಥೆ. ಕಪ್ಪು ಕಲ್ಲಿನ ನೆಲದ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಆ ನೀರಿನ ಕಾಫಿ ಸಪ್ಪೆಯಾಗುತ್ತದೆ, ಪುಡಿ ಎಷ್ಟೇ ಛಲೋ ಇರಲಿ. ಕುಡಿಯಲಿಕ್ಕೆ ತರಿಸುವ ಜಾರ್ ನೀರನ್ನೇ ಬಳಸಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಕಾಗದ ತೀರಿದರೆ? 1908ರಲ್ಲಿ ಜರ್ಮನಿಯ ಡ್ರೆಸ್‌ಡೆನ್‌ನಲ್ಲಿ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ಹಿತ್ತಾಳೆ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ನೋಟ್‌ಬುಕ್ಕಿನ ಶಾಯಿ ಹೀರುವ ಕಾಗದ ಹಾಸಿ ಕಾಫಿ ಸೋಸಿದಳು. ಇಂದಿನ ಕಾಗದದ ಫಿಲ್ಟರ್ ಹುಟ್ಟಿದ್ದು ಹಂಗ. ಇಲ್ಲಿ ತೆಳ್ಳನೆ ಹತ್ತಿ ಬಟ್ಟೆಯನ್ನು ಬಿಸಿನೀರಲ್ಲಿ ಕುದಿಸಿ, ಸಾಬೂನು ತಾಗಿಸದೆ ಬಳಸಬಹುದು. ಚಾದರದ ಊರಿನವರಿಗೆ ಬಟ್ಟೆಯ ಬಗ್ಗೆ ಇನ್ನೇನು ಹೇಳುವುದು!

ಪುಡಿ ಕೊಳ್ಳುವಾಗ ಪಾಕೀಟಿನ ಮೇಲಿನ ಸಣ್ಣ ಅಕ್ಷರ ಓದಬೇಕು. ಕಾಫಿ-ಚಿಕೋರಿ ಮಿಶ್ರಣದಲ್ಲಿ ನೂರಕ್ಕೆ 49ರವರೆಗೆ ಚಿಕೋರಿ ಇರಲಿಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಅದು ಸ್ಟೀಲ್ ಫಿಲ್ಟರ್‌ನ ಡಿಕಾಕ್ಷನ್‌ಗೆ ಒಪ್ಪುತ್ತದೆ. ಕೋನ್‌ಗೆ ಹಾಕಿದರೆ ನೀರು ಇಳಿಯದೆ ನಿಲ್ಲುತ್ತದೆ. ಹಾಲು ಹಾಕಿಯೇ ಕುಡಿಯುವವರಿಗೂ ಸ್ಟೀಲ್ ಫಿಲ್ಟರೇ ಬೇಕು, ಕೋನಿನ ಕಾಫಿ ಹಾಲಿಗೆ ತೆಳ್ಳಗಾಗುತ್ತದೆ. ಸ್ಟೀಲ್ ಫಿಲ್ಟರ್‌ಗೂ ಕಾಟಾದ ಮಾತು ಅನ್ವಯಿಸುತ್ತದೆ. ದಿನಾ ಅಷ್ಟೇ ಪುಡಿ, ಅಷ್ಟೇ ನೀರು.

ಪುಡಿ ಎಷ್ಟು, ನೀರೆಷ್ಟು, ಎಷ್ಟು ನಿಮಿಷ ಎಂಬ ಮೂರು ಅಂಕಿಗಳನ್ನು ಬರೆದಿಡಲಿಕ್ಕೆ ಬೇರೆ ವಹಿ ಬೇಡ. ಗೋಡೆಯ ಮೇಲಿನ ಕಾಲನಿರ್ಣಯದಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದೊಳಗೆ ಇನ್ನೂ ಜಾಗ ಇರುತ್ತದೆ.