ಬೆರಳಿಗೆ ಒಣಗಿದ್ದು, ಒಳಗೆ ಹಸಿ

ಹರಿದಾಸರ ವಿಠಲನ ಊರು ಪಂಢರಪುರ. ಅಲ್ಲಿ 1915ರಲ್ಲಿ ಹುಟ್ಟಿದ ಎಂ.ಎಫ್. ಹುಸೇನ್, 2010ರಲ್ಲಿ ಕತಾರಿನ ಪೌರತ್ವ ಪಡೆದರು. ಅರಬ್ ನಾಗರಿಕತೆಯ ಕಥೆಯನ್ನು ಚಿತ್ರಗಳಲ್ಲಿ ಹೇಳುವ ಕೆಲಸವನ್ನು ಅಲ್ಲಿನ ರಾಜಮನೆತನದ ಶೇಖಾ ಮೋಜಾ ಹುಸೇನರಿಗೆ ಒಪ್ಪಿಸಿದ್ದರು. ಯೋಜನೆ ಇದ್ದದ್ದು 99 ಚಿತ್ರಗಳಿಗೆ. 2011ರ ಜೂನ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಮುಗಿದಿದ್ದವು ಸುಮಾರು 35. ದೋಹಾದ ಎಜುಕೇಷನ್ ಸಿಟಿಯಲ್ಲಿ ಅವರ ಹೆಸರಿನ ಮ್ಯೂಸಿಯಂ 2025ರ ನವೆಂಬರ್‌ನಲ್ಲಿ ತೆರೆಯಿತು.

ಹರೆಯದಲ್ಲಿ ಮುಂಬಯಿಯ ಸಿನಿಮಾ ಹೋರ್ಡಿಂಗ್‌ಗಳನ್ನು ಬರೆದ ಆ ಕೈಗೆ ವೇಗ ಹೊಸದಲ್ಲ. ಎಣ್ಣೆಬಣ್ಣದ ಜೊತೆಗೆ ಅಕ್ರಿಲಿಕ್ಕನ್ನೂ ಹುಸೇನ್ ಧಾರಾಳವಾಗಿ ಬಳಸಿದರು. ವೇಗದ ಕೈಗೆ ಅಕ್ರಿಲಿಕ್ ಒಗ್ಗುವುದು ಸಹಜ. ಎಣ್ಣೆಬಣ್ಣದ ಪದರ ದಿನಗಟ್ಟಲೆ ಕಾಯಿಸುತ್ತದೆ. ತೆಳುವಾಗಿ ಹಚ್ಚಿದ ಅಕ್ರಿಲಿಕ್ ಹತ್ತು ಇಪ್ಪತ್ತು ನಿಮಿಷದಲ್ಲಿ ಬೆರಳಿಗೆ ಅಂಟುವುದನ್ನು ಬಿಡುತ್ತದೆ. ಆದರೆ ಬೆರಳಿಗೆ ಅಂಟದ ಬಣ್ಣ ಪೂರ್ತಿ ಒಣಗಿದೆ ಎಂದು ನಂಬಿದವರೇ ಹೆಚ್ಚು ಚಿತ್ರಗಳನ್ನು ಕೆಡಿಸಿಕೊಂಡಿರುವುದು. ಕತಾರಿನಂಥ ಸೆಕೆಯ ನಾಡಿನಲ್ಲಂತೂ ಈ ನಂಬಿಕೆ ಇನ್ನೂ ಸುಲಭವಾಗಿ ಹುಟ್ಟುತ್ತದೆ.

ಅಕ್ರಿಲಿಕ್ ಒಣಗುವ ಬಗೆಯೇ ಬೇರೆ. ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ, ಅಕ್ರಿಲಿಕ್‌ನಲ್ಲಿ ಹಾಗಿಲ್ಲ. ಅದು ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳ ಹಾಲು. ನಡುನಡುವೆ ಬಣ್ಣದ ಪುಡಿ. ನೀರು ಆವಿಯಾದಂತೆ, ಸ್ವಲ್ಪ ಕ್ಯಾನ್ವಾಸಿಗೂ ಇಳಿದಂತೆ, ಕಣಗಳು ಒಂದಕ್ಕೊಂದು ಒತ್ತಿಕೊಂಡು, ಚಪ್ಪಟೆಯಾಗಿ, ಕೊನೆಗೆ ಬೆಸೆದು ಒಂದೇ ಪೊರೆಯಾಗುತ್ತವೆ. ಹಸಿಯಿದ್ದಾಗ ಈ ಹಾಲು ಬೆಳ್ಳಗಿರುತ್ತದೆ, ಬೆಸೆದ ಮೇಲೆ ಗಾಜಿನಂತೆ ತಿಳಿಯಾಗುತ್ತದೆ. ಆದ್ದರಿಂದಲೇ ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಒಂದು ಛಾಯೆ ಗಾಢವಾಗಿ ಕಾಣುವುದು. ಈ ಗುಣದ ನೀರಿನ ಅಕ್ರಿಲಿಕ್ ಕಲಾವಿದರ ಕೈಗೆ ಮಾರುಕಟ್ಟೆಯಲ್ಲಿ ಸಿಕ್ಕಿದ್ದು 1955ರ ಸುಮಾರಿಗೆ, ಅಮೆರಿಕದ ಲಿಕ್ವಿಟೆಕ್ಸ್ ಹೆಸರಿನಲ್ಲಿ.

ಈಗ ದೋಹಾದ ಹವೆಯನ್ನು ನೋಡಬೇಕು. 2010ರ ಜುಲೈ 14ರಂದು ಅಲ್ಲಿ 50.4 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಜೂನ್ ತಿಂಗಳಲ್ಲಿ ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಒಣ, ಧೂಳುಮಯ. ಅಂಥ ಗಾಳಿಗೆ ದಪ್ಪ ಬಣ್ಣವನ್ನೊಡ್ಡಿದರೆ ಕಾದ ಹಾಲಿಗೆ ಕೆನೆ ಕಟ್ಟುವಂತೆ ಮೇಲ್ಮೈ ಮಾತ್ರ ಬಿಗಿಯುತ್ತದೆ. ಕೆಳಗಿನ ನೀರಿಗೆ ಹೊರದಾರಿ ಮುಚ್ಚಿಹೋಗುತ್ತದೆ. ಮೇಲಿನದು ಮೊದಲೇ ಬಿಗಿದು, ಕೆಳಗಿನದು ನಿಧಾನವಾಗಿ ಕುಗ್ಗತೊಡಗಿದಾಗ ಬಿರುಕು ಮೂಡುತ್ತದೆ. ಬಣ್ಣ ಸುರಿದು ಹರಿಸುವ ‘ಪೋರಿಂಗ್’ ಚಿತ್ರಗಳಲ್ಲಿ ಕಾಣುವ ಸೀಳುಗಳಿಗೆ ಇದೇ ಮುಖ್ಯ ಕಾರಣ. ಆರು ಮಿಲಿಮೀಟರ್‌ಗಿಂತ ದಪ್ಪನೆಯ ಪದರ ಪೂರ್ತಿ ಒಣಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಬಿಸಿಲು ಎಷ್ಟೇ ಇರಲಿ, ಈ ಲೆಕ್ಕವನ್ನು ನಿಮಿಷಗಳಿಗೆ ಇಳಿಸಲಾರದು.

ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಕಷ್ಟ ತಿರುಗಿ ನಿಲ್ಲುತ್ತದೆ. ಕೊಲ್ಲಿಯ ಬೆಚ್ಚನೆಯ ನೀರಿನ ಮೇಲಿಂದ ಬರುವ ಗಾಳಿ ತೇವದಿಂದ ತುಂಬಿರುತ್ತದೆ, ರಾತ್ರಿ ಎ.ಸಿ. ಕೋಣೆಯ ಕಿಟಕಿಗಾಜಿನ ಹೊರಬದಿಯಲ್ಲಿ ನೀರು ಇಳಿಯುತ್ತದೆ. 22 ಡಿಗ್ರಿಯ ಕೋಣೆಯಲ್ಲಿ ಬಿಡಿಸಿದ ಚಿತ್ರವನ್ನು ‘ಬೇಗ ಒಣಗಲಿ’ ಎಂದು ಆ ಹೊತ್ತಿನಲ್ಲಿ ಬಾಲ್ಕನಿಗೆ ತಂದಿಟ್ಟರೆ ತಣ್ಣನೆಯ ಕ್ಯಾನ್ವಾಸಿನ ಮೇಲೂ ಅದೇ ಬೆವರು. ಬೆಸುಗೆ ಮುಗಿಯದ ಪೊರೆಗೆ ನೀರು ದೊಡ್ಡ ಶತ್ರು: ಮಂಜು ಕವಿದಂತೆ ಬಿಳಿಚಿಕೊಳ್ಳುತ್ತದೆ, ಬ್ರಷ್ ತಾಗಿದರೆ ಎದ್ದು ಬರುತ್ತದೆ. ದೋಹಾದಲ್ಲಿ ಅಕ್ರಿಲಿಕ್ ಒಣಗಲು ಯೋಗ್ಯ ಜಾಗ ಒಳಗಿನ ಕೋಣೆಯೇ. ಎ.ಸಿ. ಇರಲಿ, ಅದರ ಗಾಳಿ ನೇರವಾಗಿ ಕ್ಯಾನ್ವಾಸಿಗೆ ಹೊಡೆಯದಿರಲಿ.

ಗೋಡೆಚಿತ್ರದವರ ಪಾಡು ಇನ್ನೊಂದು. ಕತಾರ್ ಮ್ಯೂಸಿಯಮ್ಸ್‌ನ ‘ಜೆದಾರಿಯಾರ್ಟ್’ ಕಾರ್ಯಕ್ರಮ ನಗರದ ಗೋಡೆಗಳನ್ನು ಕಲಾವಿದರಿಗೆ ಬಿಟ್ಟುಕೊಡುತ್ತದೆ. ಪಡುವಣ ಬಿಸಿಲು ಕುಡಿದ ಗೋಡೆ ಮುಟ್ಟಿದರೆ ಸುಡುತ್ತದೆ. ಅಂಥ ಗೋಡೆಗೆ ಬ್ರಷ್ ಇಟ್ಟರೆ, ಎಡತುದಿಯಿಂದ ಬಲತುದಿಗೆ ಹೋಗುವಷ್ಟರಲ್ಲಿ ಮೊದಲ ಗೀಟು ಒಣಗಿ, ಎರಡನೆಯದು ಅದರ ಮೇಲೆ ಪಟ್ಟೆಯಾಗಿ ಕೂರುತ್ತದೆ. ಕಣಗಳು ಚೆನ್ನಾಗಿ ಬೆಸೆಯುವ ಮೊದಲೇ ನೀರು ಹಾರಿಹೋದರೆ ಹಿಡಿತವೂ ದುರ್ಬಲ. ಹೀಗಾಗಿ ನೆರಳನ್ನು ಹಿಂಬಾಲಿಸಿ ಕೆಲಸ ಮಾಡಬೇಕು: ಬೆಳಿಗ್ಗೆ ಪಡುವಣ ಗೋಡೆ, ಸಂಜೆ ಮೂಡಣ ಗೋಡೆ. ಹೊಸ ಸಿಮೆಂಟ್ ಗಾರೆಯಾದರೆ ಕ್ಷಾರ ಇಳಿಯಲು ಸುಮಾರು ನಾಲ್ಕು ವಾರ ಬಿಟ್ಟೇ ಪ್ರೈಮರ್ ಹಚ್ಚುವುದು ಒಳ್ಳೆಯದು.

ಪದರದ ಮೇಲೆ ಪದರ ಹಾಕುವವರಿಗೆ ಗಡಿಯಾರಕ್ಕಿಂತ ಅಂಗೈಯ ಹಿಂಬದಿಯೇ ನಂಬಿಗಸ್ತ. ಆವಿಯಾಗುವ ನೀರು ಶಾಖವನ್ನು ಹೀರುವುದರಿಂದ ಒಳಗೆ ಹಸಿಯಿರುವ ಬಣ್ಣ ಸುತ್ತಲಿನದಕ್ಕಿಂತ ತಣ್ಣಗಿರುತ್ತದೆ. ತಣ್ಣಗಿದ್ದರೆ ಕಾಯಬೇಕು. ನೀರಾಗಿಸಿದ ತೆಳು ಗ್ಲೇಜ್ ಆದರೆ ಕಾಲು ಗಂಟೆ ಸಾಕಾಗಬಹುದು. ಟ್ಯೂಬಿನಿಂದ ನೇರ ಹಚ್ಚಿದ ಸಾಧಾರಣ ದಪ್ಪದ ಬಣ್ಣಕ್ಕೆ ಒಂದೆರಡು ಗಂಟೆ. ಚಾಕುವಿನಿಂದ ಮೆತ್ತಿದ್ದಕ್ಕೆ ಕನಿಷ್ಠ ಒಂದು ರಾತ್ರಿ. ಜೆಲ್ ಮೀಡಿಯಂ ಹಚ್ಚಿದಲ್ಲಿ ಕಣ್ಣಿಗೇ ತಿಳಿಯುತ್ತದೆ: ಬಿಳುಪು ಪೂರ್ತಿ ಕರಗುವವರೆಗೆ ಅದರ ಮೇಲೆ ಏನನ್ನೂ ಹಾಕಬಾರದು. ಹಾಕಿದರೆ ಆ ಮಬ್ಬು ಒಳಗೇ ಬಹುಕಾಲ ಉಳಿದುಬಿಡಬಹುದು. ಅರೆ ಒಣಗಿದ ಹೊತ್ತು ಎಲ್ಲಕ್ಕಿಂತ ಅಪಾಯದ್ದು. ಪೂರ್ತಿ ಹಸಿಯಿದ್ದರೆ ಬಣ್ಣ ಬೆರೆಯುತ್ತದೆ, ಪೂರ್ತಿ ಒಣಗಿದ್ದರೆ ಮೇಲೆ ಕೂರುತ್ತದೆ, ನಡುವಿದ್ದಾಗ ಬ್ರಷ್ಷಿಗೆ ಚರ್ಮದಂತೆ ಸುಲಿದು ಬರುತ್ತದೆ.

ಹೇರ್ ಡ್ರೈಯರ್ ಹಿಡಿಯುವುದೇ ಆದರೆ ಕಡಿಮೆ ಬಿಸಿ, ಆಡುತ್ತಿರುವ ಕೈ, ಅದೂ ತೆಳು ಪದರಕ್ಕೆ ಮಾತ್ರ. ಬಣ್ಣ ಬೇಗ ಆರುತ್ತದೆಂದು, ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಸುರಿಯುವುದೂ ತಪ್ಪು. ಅದು ಹೆಚ್ಚಾದರೆ ಮೇಲ್ಮೈ ವಾರಗಟ್ಟಲೆ ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಪ್ಯಾಲೆಟ್ಟಿನ ಮೇಲೆ ಆಗಾಗ ನೀರಿನ ತುಂತುರು, ಕೆಳಗೆ ಒದ್ದೆ ಸ್ಪಂಜು: ಹೆಚ್ಚಿನವರಿಗೆ ಇಷ್ಟೇ ಸಾಕು.

ಪೂರ್ತಿ ಒಣಗಿದ ಅಕ್ರಿಲಿಕ್ ಕೂಡ ಕಲ್ಲಿನಷ್ಟು ಗಟ್ಟಿಯಲ್ಲ. ಕೋಣೆಯ ಉಷ್ಣತೆಯಲ್ಲಿಯೇ ಅದು ಬಳುಕುವಷ್ಟು ಮೃದು, ಸೆಕೆ ಏರಿದರೆ ಇನ್ನೂ ಮೆತ್ತಗೆ. ಬೇಸಗೆ ರಜೆಗೆ ಮಂಗಳೂರಿಗೋ ಬೆಂಗಳೂರಿಗೋ ಹೊರಡುವ ದೋಹಾದ ಕನ್ನಡ ಕುಟುಂಬಗಳು ಮಕ್ಕಳ ಚಿತ್ರಗಳನ್ನು ಪೆಟ್ಟಿಗೆಯಲ್ಲಿಡುವಾಗ ಇದನ್ನು ನೆನೆಯಬೇಕು. ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಮುಖಕ್ಕೆ ಮುಖ ತಾಗಿಸಿಟ್ಟ ಎರಡು ಕ್ಯಾನ್ವಾಸುಗಳು ಅಂಟಿಕೊಂಡರೆ ಬಿಡಿಸಿದಾಗ ಎರಡೂ ಹಾಳು. ಗುಳ್ಳೆಯ ಪ್ಲಾಸ್ಟಿಕ್ ಸುತ್ತಿದರೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಉಳಿಯುತ್ತದೆ. ಸಿಲಿಕೋನ್ ಲೇಪಿಸಿದ ಕಾಗದವನ್ನು ಚಿತ್ರದ ಮೇಲೆ ಹಾಸಿ, ಅದರ ಹೊರಗೆ ಗಟ್ಟಿ ರಟ್ಟು ಕೊಟ್ಟು, ನಿಲ್ಲಿಸಿ ಸಾಗಿಸುವುದೇ ಸರಿ. ಊರು ಮುಟ್ಟಿದ ಮೇಲೆ ಕರಾವಳಿಯ ಮಳೆಗಾಲದ ತೇವದಲ್ಲಿ ಕಟ್ಟಿದ್ದನ್ನು ಹಾಗೆಯೇ ಬಿಡದೆ, ಅಂದೇ ಬಿಚ್ಚಿ, ಫ್ಯಾನಿನ ಗಾಳಿಯಾಡುವ ಕೋಣೆಯಲ್ಲಿ ಗೋಡೆಗೆ ಒರಗಿಸಬೇಕು.