ಹಾಲಾಹಲ ಲೋಕದ ಚಿತ್ರಕಾರ

‘ಭೂಗತ’ ಎಂಬ ಪದ ಕೇಳಿದೊಡನೆ ಬೆಂಗಳೂರಿನ ಪತ್ರಿಕಾ ಓದುಗರಿಗೆ ನೆನಪಾಗುವುದು ಅಪರಾಧ ಲೋಕದ ಸುದ್ದಿಗಳು. ಕಲೆಯ ಚರಿತ್ರೆಯಲ್ಲಿ ಆ ಪದಕ್ಕೆ ಬೇರೆಯೇ ಅರ್ಥವಿದೆ. 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ಸಾರ್ವಜನಿಕ ಆಕ್ಷೇಪಣೆಗೆ ಅಂಜಿ ತಮಗೆ ತಾವೇ ಒಂದು ನೀತಿಸಂಹಿತೆಯನ್ನು ವಿಧಿಸಿಕೊಂಡರು. ಅದರ ಮುದ್ರೆಯಿಲ್ಲದ ಪುಸ್ತಕಗಳು ಅಂಗಡಿಯ ಕಪಾಟು ಸೇರುವುದು ದುಸ್ತರವಾಯಿತು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾಬರ್ಟ್ ಕ್ರಂಬ್ ‘ಜ್ಯಾಪ್’ ಎಂಬ ಪುಸ್ತಿಕೆಯನ್ನು ಬರೆದು, ಬೀದಿಯಲ್ಲೇ ಮಾರಿ ಆ ಅಂಕುಶಕ್ಕೆ ಉತ್ತರ ಕೊಟ್ಟರು. ಅಂದಿನಿಂದ, ಪ್ರಕಾಶಕರ ಅನುಮತಿಗೂ ಮಾರುಕಟ್ಟೆಯ ರುಚಿಗೂ ಕಾಯದೆ ವಯಸ್ಕರಿಗಾಗಿ ಚಿತ್ರ ಬರೆಯುವವರಿಗೆ ‘ಭೂಗತ’ ಎಂಬ ವಿಶೇಷಣ ಅಂಟಿಕೊಂಡಿತು.

ಆ ಜಾತಿಯ ಕಲಾವಿದರೊಬ್ಬರು ನಮ್ಮ ನಗರದಲ್ಲಿಯೂ ರೂಪುಗೊಂಡಿದ್ದಾರೆ. ಹೆಸರು ಜಾರ್ಜ್ ಮ್ಯಾಥೆನ್. ಮಲಯಾಳದಲ್ಲಿ ಅಜ್ಜ ಎಂಬರ್ಥದ ಪದವನ್ನು ನೆನಪಿಸುವ ‘ಅಪ್ಪುಪೆನ್’ ಅವರ ಅಂಕಿತ. ಜಾಹೀರಾತು ಉದ್ಯಮದಲ್ಲಿ ದುಡಿದವರು. ‘ಲೌಂಜ್ ಪಿರಾನ್ಹ’ ಎಂಬ ಬೆಂಗಳೂರಿನ ರಾಕ್ ವಾದ್ಯವೃಂದದಲ್ಲಿ ಡ್ರಮ್ಸ್ ಬಾರಿಸಿದವರು. 2009ರಲ್ಲಿ ಚೆನ್ನೈನ ಪುಟ್ಟ ಪ್ರಕಾಶನ ಬ್ಲಾಫ್ಟ್ ಅವರ ಮೊದಲ ಕೃತಿ ‘ಮೂನ್‌ವರ್ಡ್’ ಅನ್ನು ಹೊರತಂದಿತು. ಅನಂತರ ‘ಲೆಜೆಂಡ್ಸ್ ಆಫ್ ಹಾಲಾಹಲ’ (2013), ‘ಆಸ್ಪೈರಸ್’ (2014), ‘ದಿ ಸ್ನೇಕ್ ಅಂಡ್ ದಿ ಲೋಟಸ್’ (2018) ಬಂದವು. ಇವೆಲ್ಲವೂ ನಡೆಯುವುದು ‘ಹಾಲಾಹಲ’ ಎಂಬ ಕಲ್ಪಿತ ಲೋಕದಲ್ಲಿ.

ಹೆಸರೇ ಅರ್ಥಪೂರ್ಣ. ಅಮೃತಕ್ಕಾಗಿ ಕಡಲನ್ನು ಕಡೆದವರಿಗೆ ಮೊದಲು ದೊರೆತದ್ದು ವಿಷ. ಅಪ್ಪುಪೆನ್ ಅವರ ಲೋಕದಲ್ಲಿಯೂ ಸಮೃದ್ಧಿಗಾಗಿ ನಡೆಯುವ ಮಂಥನದಿಂದ ಮೇಲೇಳುವುದು ಕೊಳ್ಳುಬಾಕತನ, ಹುಸಿ ದೇವರುಗಳು, ಯಂತ್ರಗಳ ಆಳ್ವಿಕೆ. ಬಯಕೆಯನ್ನು ಹುಟ್ಟಿಸುವ ಕಾರ್ಖಾನೆಯ ಒಳಗಿದ್ದು ಬಂದವರ ನೋಟವಿದು. ಒಂದು ಪೀಳಿಗೆಯಲ್ಲಿ ಕೆರೆಗಳನ್ನು ಕಳೆದುಕೊಂಡು ಮಾಲ್‌ಗಳನ್ನು ಪಡೆದ ಊರಿನವರಿಗೆ ಇದರ ಗುರುತು ಹತ್ತದಿರದು.

ಈ ಕೃತಿಗಳಲ್ಲಿ ಹಲವು ಪುಟಗಳು ನಿಶ್ಶಬ್ದ. ‘ಲೆಜೆಂಡ್ಸ್’ನಲ್ಲಂತೂ ಮಾತು ಇಲ್ಲವೆನ್ನುವಷ್ಟು ವಿರಳ. ಮೂರು ದಶಕಗಳ ಕಾಲ ಕಡತಗಳ ಟಿಪ್ಪಣಿ ಓದಿದ ನನ್ನ ಕಣ್ಣು ಮೊದಲಿಗೆ ಅಕ್ಷರವನ್ನೇ ಹುಡುಕಿತು. ಅಕ್ಷರವಿಲ್ಲದೆಡೆ ಚಿತ್ರವನ್ನು ನಿಧಾನವಾಗಿ ನೋಡದೆ ಗತಿಯಿಲ್ಲ. ನಮ್ಮ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಒಂದು ಸಂಜೆ ನಿಂತರೆ ಅರ್ಧ ಡಜನ್ ಭಾಷೆಗಳು ಕಿವಿಗೆ ಬೀಳುತ್ತವೆ. ಇಂತಹ ಊರಿನಲ್ಲಿ ಅನುವಾದದ ಹಂಗಿಲ್ಲದೆ ಎಲ್ಲರೂ ಓದಬಲ್ಲ ಪುಸ್ತಕ ಹುಟ್ಟಿದ್ದು ಆಕಸ್ಮಿಕವಿರಲಾರದು.

ಚಿತ್ರಕಥೆ ನಮಗೆ ಹೊಸತೂ ಅಲ್ಲ. ‘ಅಮರ ಚಿತ್ರಕಥೆ’ ಎಂಬ ಹೆಸರಿನ ಪುಸ್ತಕಗಳು ಮೊದಲು ಹೊರಬಂದದ್ದು ಕನ್ನಡದಲ್ಲಿ, 1965ರಲ್ಲಿ. ಅದರ ಹಿಂದೆ ಇದ್ದವರು ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್. ಅದಕ್ಕೂ ಹಿಂದೆ, 1942ರಲ್ಲಿ, ವೈದ್ಯರಾದ ಎಂ. ಶಿವರಾಂ ‘ಕೊರವಂಜಿ’ಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದರು. ವಿದ್ಯಾರ್ಥಿ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದದ್ದು ಅದರಲ್ಲಿಯೇ. ಆದರೆ ಒಂದು ಧಾರೆ ಮಕ್ಕಳಿಗೆ ಪುರಾಣ ಹೇಳುವುದಕ್ಕೆ ಸೀಮಿತವಾಯಿತು. ಇನ್ನೊಂದು ನಗೆಚಿತ್ರದ ಒಂದೇ ಚೌಕಟ್ಟಿಗೆ ತೃಪ್ತವಾಯಿತು. ವಯಸ್ಕರಿಗಾಗಿ ಚಿತ್ರದಲ್ಲಿಯೇ ದೀರ್ಘ ಕಥನ ಕಟ್ಟುವ ಕೆಲಸ ಕನ್ನಡದಲ್ಲಿ ಬೇರೂರಲಿಲ್ಲ. ಭಾರತದಲ್ಲಿ ಅದಕ್ಕೆ ನಾಂದಿ ಹಾಡಿದ್ದು 1994ರಲ್ಲಿ ನರ್ಮದಾ ಹೋರಾಟ ಕುರಿತು ಒರಿಜಿತ್ ಸೇನ್ ಬರೆದ ‘ರಿವರ್ ಆಫ್ ಸ್ಟೋರೀಸ್’. ಅದನ್ನು ಹೊರತಂದದ್ದು ಪರಿಸರ ಸಂಘಟನೆಯಾದ ಕಲ್ಪವೃಕ್ಷ.

ಬೇರೂರದಿರಲು ಅರ್ಥಶಾಸ್ತ್ರದ ಕಾರಣವೂ ಇದೆ. ಕಾದಂಬರಿಕಾರ ಒಂದು ವಾಕ್ಯದಲ್ಲಿ ಮುಗಿಸುವ ಯುದ್ಧವನ್ನು ಚಿತ್ರಕಾರ ವಾರಗಟ್ಟಲೆ ಬರೆಯಬೇಕು. ದುಡಿಮೆ ಹೆಚ್ಚು, ಮುದ್ರಣದ ವೆಚ್ಚವೂ ಹೆಚ್ಚು, ಓದುಗರು ಕಡಿಮೆ. ದೊಡ್ಡ ಪ್ರಕಾಶನ ಸಿಕ್ಕರೂ ಭದ್ರತೆಯ ಭರವಸೆಯಿಲ್ಲ. ‘ದಿ ಸ್ನೇಕ್ ಅಂಡ್ ದಿ ಲೋಟಸ್’ ಬಂದದ್ದು ವೆಸ್ಟ್‌ಲ್ಯಾಂಡ್ ಸಂಸ್ಥೆಯಿಂದ. ಒಡೆಯರಾದ ಅಮೆಜಾನ್ 2022ರ ಫೆಬ್ರುವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನ ಪ್ರಕಟಿಸಿದಾಗ ನೂರಾರು ಲೇಖಕರ ಪುಸ್ತಕಗಳು ಅತಂತ್ರವಾದವು. ಅದೇ ವರ್ಷ ಆ ತಂಡಕ್ಕೆ ನೆಲೆ ಕೊಟ್ಟದ್ದು ಬೆಂಗಳೂರಿನ ಪ್ರತಿಲಿಪಿ ಸಂಸ್ಥೆ. ಜಾಹೀರಾತು ಬೇಡವೆಂದು ಓದುಗರ ಹಣವನ್ನೇ ನಂಬಿ ಲಂಕೇಶರು ಬಸವನಗುಡಿಯಿಂದ 1980ರಲ್ಲಿ ಪತ್ರಿಕೆ ಆರಂಭಿಸಿ ಉಳಿಸಿ ತೋರಿಸಿದರು ನಿಜ. ಆದರೆ ವಾರಪತ್ರಿಕೆಯ ಆ ಲೆಕ್ಕಾಚಾರ ವರ್ಷಗಟ್ಟಲೆ ಬೇಡುವ ಚಿತ್ರಗ್ರಂಥಕ್ಕೆ ಹೊಂದುವುದಿಲ್ಲ.

ಇನ್ನೊಂದು ಅಪಾಯ ಕಾನೂನಿನದು. ಅಪ್ಪುಪೆನ್ ‘ರಾಷ್ಟ್ರಮ್ಯಾನ್’ ಎಂಬ ಬಲಭೀಮ ನಾಯಕನನ್ನು ಸೃಷ್ಟಿಸಿ ಅಬ್ಬರದ ರಾಷ್ಟ್ರಭಕ್ತಿಯನ್ನು ಅಂತರಜಾಲದಲ್ಲಿ ಅಣಕಿಸಿದ್ದಾರೆ. ಆ ಅಣಕದ ಎಲ್ಲ ಏಟುಗಳೂ ನನಗೆ ಒಪ್ಪಿಗೆಯೆಂದಲ್ಲ. ಆದರೆ ಒಪ್ಪಿಗೆಯಾಗುವ ವ್ಯಂಗ್ಯಕ್ಕೆ ರಕ್ಷಣೆಯ ಅಗತ್ಯವೇ ಇರುವುದಿಲ್ಲ. 1975ರಲ್ಲಿ, ತುರ್ತುಪರಿಸ್ಥಿತಿ ಬಂದ ಕೆಲವೇ ವಾರಗಳಲ್ಲಿ ‘ಶಂಕರ್ಸ್ ವೀಕ್ಲಿ’ ನಿಂತುಹೋಯಿತು. 2012ರಲ್ಲಿ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿ ಅವರನ್ನು ಮುಂಬೈಯಲ್ಲಿ ರಾಜದ್ರೋಹದ ಆರೋಪದ ಮೇಲೆ ಬಂಧಿಸಲಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿತು. ರಾಜದ್ರೋಹದ ಹಳೆಯ ಕಲಮಿನ ಜಾಗದಲ್ಲಿ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಮು ಬಂದಿದೆ. ಶಿಕ್ಷೆಯಾಗುವುದು ಅಪರೂಪವಿರಬಹುದು, ಠಾಣೆಗೂ ನ್ಯಾಯಾಲಯಕ್ಕೂ ಅಲೆಯುವುದೇ ಸಾಮಾನ್ಯ ಕಲಾವಿದನಿಗೆ ಸಾಕಷ್ಟು ಶಿಕ್ಷೆ ಎಂಬುದು ಆಡಳಿತದ ಒಳಗಿದ್ದವರಿಗೆಲ್ಲ ಗೊತ್ತು.

ಹಾಗಾದರೆ ಸರ್ಕಾರ ಇಂತಹ ಕಲೆಯನ್ನು ಪೋಷಿಸಬೇಕೇ? ಪ್ರಶಸ್ತಿ, ಅನುದಾನಗಳ ಮೂಲಕ ಬೇಡವೆಂದೇ ನನ್ನ ಅಭಿಪ್ರಾಯ. ಆಳುವವರ ಹಾರ ಕೊರಳಿಗೆ ಬಿದ್ದ ಮೇಲೆ ವ್ಯಂಗ್ಯದ ದನಿ ತಗ್ಗುತ್ತದೆ. ಓದುಗರನ್ನು ಪೋಷಿಸುವ ದಾರಿ ಬೇರೆಯಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವೆಲ್ಲ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತಿದ್ದೇವೆ. ಆ ಹಣದಲ್ಲಿ ಬಡಾವಣೆಯ ಗ್ರಂಥಾಲಯಗಳು ವಯಸ್ಕರ ಚಿತ್ರಗ್ರಂಥಗಳಿಗೆ ಒಂದೊಂದು ಕಪಾಟು ಮೀಸಲಿಡಲಿ. ಕೆಲವು ನೂರು ಪ್ರತಿಗಳ ಖಚಿತ ಖರೀದಿಯಿದ್ದರೆ ಸಣ್ಣ ಪ್ರಕಾಶಕರಿಗೆ ಧೈರ್ಯ ಬರುತ್ತದೆ. ಕನ್ನಡದಲ್ಲಿ ಹೀಗೆ ಬರೆಯಬಯಸುವ ತರುಣ ತರುಣಿಯರಿಗೆ ಮಾದರಿಗಳು ಕೈಗೆ ಸಿಗುತ್ತವೆ.

ಫ್ರೆಂಚ್ ಭೌತವಿಜ್ಞಾನಿ ಲೋರಾಂ ದೋದೆ ಅವರೊಡನೆ ಅಪ್ಪುಪೆನ್ ರಚಿಸಿದ ‘ಡ್ರೀಮ್ ಮೆಷೀನ್’ ಇಂಗ್ಲಿಷಿನಲ್ಲಿ 2024ರಲ್ಲಿ ಬಂತು. ಅದರ ವಸ್ತು ಕೃತಕ ಬುದ್ಧಿಮತ್ತೆ. ಆ ತಂತ್ರಜ್ಞಾನವನ್ನು ಕಟ್ಟಲು ಸಾವಿರಾರು ಎಂಜಿನಿಯರುಗಳು ನಿತ್ಯ ದುಡಿಯುತ್ತಿರುವ ನಗರ ನಮ್ಮದು. ಅದರ ಒಳಿತು ಕೆಡುಕುಗಳನ್ನು ಚಿತ್ರದಲ್ಲಿಟ್ಟು ತೋರಿಸುವ ಪುಸ್ತಕವನ್ನು ಅವರ ತಂದೆ ತಾಯಂದಿರೂ ಬಡಾವಣೆಯ ಗ್ರಂಥಾಲಯದಲ್ಲಿ ಕುಳಿತು ನೋಡುವಂತಾಗಬೇಕು.